ಷಡ್ಜಕ್ಕೆ ಯಾವ ಮನೆ?

ಈ ಬಾರಿ ಬಂದ ಪತ್ರಗಳಲ್ಲಿ ಆರು ಪತ್ರಗಳು ಸ್ವರಗಳ ಹೆಸರನ್ನು ಕುರಿತೇ ಇವೆ. ಒಂದರ ಉತ್ತರ ಇನ್ನೊಂದಕ್ಕೆ ನೆರವಾಗುವಂತಿರುವುದರಿಂದ ಅವನ್ನು ಒಟ್ಟಿಗೆ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗಳು ಮೂರು ವರ್ಷದಿಂದ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುತ್ತಿದ್ದಾಳೆ. ಈ ವರ್ಷ ಶಾಲೆಯಲ್ಲಿ ಕೀಬೋರ್ಡ್ ಕಲಿಸುತ್ತಿದ್ದಾರೆ. ನೆನಪಿಗೆಂದು ಅವಳು ‘ಸಿ’ಯಿಂದ ಹಿಡಿದು ಬಿಳಿಯ ಮನೆಗಳ ಮೇಲೆಲ್ಲ ಪೆನ್ಸಿಲಿನಲ್ಲಿ ಸ, ರಿ, ಗ, ಮ ಎಂದು ಬರೆದುಕೊಂಡಿದ್ದಳು. ಹಾಡಿನ ಮೇಡಂ ಅದನ್ನು ನೋಡಿ ಅಳಿಸಿಹಾಕಿಸಿದರಂತೆ. ‘ಸಿ’ ಎಂದರೆ ಸ, ‘ಡಿ’ ಎಂದರೆ ರಿ ಎಂದುಕೊಳ್ಳುವುದರಲ್ಲಿ ತಪ್ಪೇನಿದೆ? (ಒಬ್ಬ ತಾಯಿ, ಮೈಸೂರು)

ಉತ್ತರ: ಮೇಡಂ ಅಳಿಸಿಹಾಕಿಸಿದ್ದು ಸರಿಯೇ. ಏಕೆ ಅಳಿಸಬೇಕೆಂದು ಮಗುವಿಗೆ ಹೇಳಿದ್ದರೆ ಇನ್ನೂ ಸರಿಯಾಗುತ್ತಿತ್ತು.

ಸ್ವರಕ್ಕೆ ಹೆಸರಿಡುವ ಬಗೆ ಎರಡು. ಒಂದು, ಮತದಾರರ ಪಟ್ಟಿಯಲ್ಲಿ ಬರೆದ ಹೆಸರಿನಂತೆ ಯಾರು ಕರೆದರೂ ಬದಲಾಗದ್ದು. ಇನ್ನೊಂದು, ಅಮ್ಮ, ಅತ್ತೆ, ಚಿಕ್ಕಮ್ಮ ಎಂಬ ನೆಂಟಸ್ತಿಕೆಯ ಹೆಸರುಗಳಂತೆ ಕರೆಯುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಬದಲಾಗುವಂಥದ್ದು. ‘ಸಿ’, ‘ಡಿ’, ‘ಇ’ಗಳು ಮೊದಲ ಬಗೆಯವು. ಪಾಶ್ಚಾತ್ಯ ವಾದ್ಯಗಳಲ್ಲಿ ಮಧ್ಯದ ‘ಎ’ ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳೆಂದು ಅಂತರರಾಷ್ಟ್ರೀಯವಾಗಿ ಗೊತ್ತುಮಾಡಲಾಗಿದೆ, ಉಳಿದವೆಲ್ಲ ಅದಕ್ಕೆ ತಕ್ಕಂತೆ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಸ, ರಿ, ಗ, ಮಗಳು ಎರಡನೆಯ ಬಗೆಯವು. ಹಾಡುವವರು ಎಲ್ಲಿ ಶ್ರುತಿ ಹಿಡಿಯುತ್ತಾರೋ ಅಲ್ಲಿ ಷಡ್ಜ (ಅಂದರೆ ‘ಸ’), ಅಲ್ಲಿಂದ ಮುಂದಕ್ಕೆ ಮಿಕ್ಕವರ ನೆಂಟಸ್ತಿಕೆ.

ನಿಮ್ಮ ಮಗಳು ಬರೆದುಕೊಂಡ ಅಕ್ಷರಗಳು ಅವಳು ಕಲಿತ ಮೊದಲ ಪಾಠಕ್ಕೇ ಹೊಂದುವುದಿಲ್ಲ ಎಂಬುದನ್ನು ಗಮನಿಸಿ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಕ್ರಮದಲ್ಲಿ ಸರಳೆ ವರಸೆ ಇರುವುದು ಮಾಯಾಮಾಳವಗೌಳ ರಾಗದಲ್ಲಿ. ‘ಸಿ’ಯನ್ನೇ ಷಡ್ಜ ಮಾಡಿಕೊಂಡರೂ ಆ ರಾಗದ ರಿಷಭ ‘ಡಿ’ಯಲ್ಲಿಲ್ಲ, ಅದಕ್ಕಿಂತ ಹಿಂದಿನ ಕಪ್ಪು ಮನೆಯಲ್ಲಿದೆ, ಧೈವತವೂ ‘ಎ’ಯಲ್ಲಿಲ್ಲ, ಅದರ ಹಿಂದಿನ ಕಪ್ಪು ಮನೆಯಲ್ಲಿದೆ. ಬಿಳಿಯ ಮನೆಗಳನ್ನಷ್ಟೇ ಒತ್ತುತ್ತ ಹೋದರೆ ಶಂಕರಾಭರಣ ಕೇಳಿಸುತ್ತದೆಯೇ ಹೊರತು ಸರಳೆ ವರಸೆಯಲ್ಲ. ಇನ್ನೊಂದು ಪರೀಕ್ಷೆಯನ್ನೂ ಮನೆಯಲ್ಲೇ ಮಾಡಬಹುದು. ‘ಜಿ’ಯನ್ನು ಷಡ್ಜವೆಂದು ಇಟ್ಟುಕೊಂಡು ಮತ್ತೆ ಬಿಳಿಯ ಮನೆಗಳನ್ನೇ ಸಾಲಾಗಿ ಒತ್ತಿಸಿ. ಈಗ ಕೇಳುವುದು ಶಂಕರಾಭರಣವೂ ಅಲ್ಲ, ಹರಿಕಾಂಭೋಜಿ. ಒತ್ತಿದ್ದು ಅವೇ ಏಳು ಮನೆಗಳನ್ನು. ಷಡ್ಜ ಜಾಗ ಬದಲಿಸಿದ್ದರಿಂದ ಎಲ್ಲರ ನೆಂಟಸ್ತಿಕೆಯೂ ಬದಲಾಯಿತು.

ಷಡ್ಜ ಎಲ್ಲಿದೆ ಎಂದು ಹೇಳುವುದಕ್ಕೆ ನಮ್ಮಲ್ಲಿ ಬೇರೆಯದೇ ಲೆಕ್ಕವಿದೆ. ‘ಸಿ’ ಒಂದನೆಯ ಮನೆ, ಅದರ ಪಕ್ಕದ ಕಪ್ಪು ಒಂದೂವರೆ, ‘ಡಿ’ ಎರಡು, ಹೀಗೆ ‘ಬಿ’ ಏಳರವರೆಗೆ. ತಮಿಳುನಾಡಿನಲ್ಲಿ ಇದನ್ನೇ ‘ಕಟ್ಟೈ’ ಎನ್ನುತ್ತಾರೆ. ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆಯ ಆಸುಪಾಸಿನಲ್ಲಿ, ಹೆಂಗಸರು ಐದು, ಐದೂವರೆಯ ಆಸುಪಾಸಿನಲ್ಲಿ ಹಾಡುತ್ತಾರೆ. ಮೂರೂವರೆ ಮನೆ ಮಾತ್ರ ಯಾರಿಗೂ ಸಿಗುವುದಿಲ್ಲ, ಏಕೆಂದರೆ ‘ಇ’ಗೂ ‘ಎಫ್’ಗೂ ನಡುವೆ ಕಪ್ಪು ಮನೆಯೇ ಇಲ್ಲ.

ಪ್ರಶ್ನೆ: ಪಾಶ್ಚಾತ್ಯರ ಡೋ, ರೆ, ಮಿ ನಮ್ಮ ಸರಿಗಮದಿಂದ ಕದ್ದದ್ದೆಂಬ ಸಂದೇಶ ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ‘ರಿ’ಗೆ ‘ರೆ’, ‘ನಿ’ಗೆ ‘ಸಿ’ ಎಂದು ಹೋಲಿಕೆಯನ್ನೂ ತೋರಿಸಿದ್ದಾರೆ. ಇದು ನಿಜವೇ? (ಒಬ್ಬ ನಿವೃತ್ತ ಶಿಕ್ಷಕರು, ಚಿತ್ರದುರ್ಗ)

ಉತ್ತರ: ಅಲ್ಲ. ಆ ಹೆಸರುಗಳು ಎಲ್ಲಿಂದ ಬಂದವೆಂಬುದನ್ನು ಅವನ್ನು ಬಳಕೆಗೆ ತಂದವನೇ ಬರೆದಿಟ್ಟಿದ್ದಾನೆ.

ಇಟಲಿಯ ಅರೆಟ್ಸೊ ಊರಿನಲ್ಲಿ 11ನೆಯ ಶತಮಾನದ ಮೊದಲ ಭಾಗದಲ್ಲಿ ಗ್ವಿಡೊ ಎಂಬ ಕ್ರೈಸ್ತ ಸನ್ಯಾಸಿ ಚರ್ಚಿನ ಹುಡುಗರಿಗೆ ಹಾಡು ಕಲಿಸುತ್ತಿದ್ದ. ಹುಡುಗರು ಹತ್ತು ವರ್ಷ ಕಲಿತರೂ ಕೇಳಿರದ ಹಾಡೊಂದನ್ನು ತಾವೇ ನೋಡಿ ಹಾಡಲಾರರು ಎಂಬುದು ಅವನ ಕೊರಗು. ಅವನು ಹುಡುಕಿದ ಉಪಾಯ ಸಂತ ಯೋಹಾನನ ಮೇಲಿನ ಒಂದು ಲ್ಯಾಟಿನ್ ಸ್ತುತಿ. ಅದರ ಸಾಲುಗಳು ಹೀಗಿವೆ: ‘ಉತ್ ಕ್ವೇಯಂತ್ ಲಾಕ್ಸಿಸ್, ರೆಸೊನಾರೆ ಫಿಬ್ರಿಸ್, ಮಿರಾ ಗೆಸ್ತೋರುಮ್, ಫಾಮುಲಿ ತುವೋರುಮ್, ಸೊಲ್ವೆ ಪೊಲ್ಲೂತಿ, ಲಾಬಿಯಿ ರೆಯಾತುಮ್, ಸಾಂಕ್ತೆ ಯೊಹಾನ್ನೆಸ್’. ‘ನಿನ್ನ ಸೇವಕರು ನಿನ್ನ ಅದ್ಭುತ ಕಾರ್ಯಗಳನ್ನು ತೆರೆದ ಕಂಠದಿಂದ ಹಾಡುವಂತಾಗಲು ನಮ್ಮ ತುಟಿಗಳ ಕೊಳೆಯನ್ನು ತೊಳೆ’ ಎಂಬುದು ಅದರ ಭಾವ. ಮೊದಲ ಆರು ಸಾಲುಗಳಲ್ಲಿ ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಎತ್ತಿಕೊಳ್ಳುತ್ತದೆ. ಒಂದು ಹಾಡು ಬಾಯಿಪಾಠವಾಗಿದ್ದರೆ ಆರೂ ಸ್ವರಗಳು ಬಾಯಲ್ಲಿದ್ದಂತೆ. ಯಾವ ಸ್ವರ ಬೇಕಾದರೂ ಆ ಸಾಲಿನ ಮೊದಲ ಅಕ್ಷರವನ್ನು ನೆನೆದರೆ ಸಾಕು. ಉತ್, ರೆ, ಮಿ, ಫಾ, ಸೋಲ್, ಲಾ ಹುಟ್ಟಿದ್ದು ಹೀಗೆ. ಮೈಕೆಲ್ ಎಂಬ ಸಹಸನ್ಯಾಸಿಗೆ ಬರೆದ ಪತ್ರದಲ್ಲಿ ಗ್ವಿಡೊ ಈ ಕ್ರಮವನ್ನು ವಿವರಿಸಿ, ಇನ್ನು ಮೇಲೆ ಒಂದು ಅಥವಾ ಹೆಚ್ಚೆಂದರೆ ಎರಡು ವರ್ಷದಲ್ಲಿ ಹಾಡುಗಾರನನ್ನು ತಯಾರು ಮಾಡಬಹುದೆಂದು ಹೇಳಿಕೊಂಡಿದ್ದಾನೆ.

ಏಳನೆಯ ಹೆಸರು ಅವನಲ್ಲಿ ಇರಲೇ ಇಲ್ಲ. ಸುಮಾರು ಐನೂರು ವರ್ಷಗಳ ಮೇಲೆ ಕೊನೆಯ ಸಾಲಿನ ಎರಡು ಪದಗಳ ಮೊದಲಕ್ಷರಗಳನ್ನು ಕೂಡಿಸಿ ‘ಸಿ’ ಮಾಡಿದರು (ಲ್ಯಾಟಿನಿನಲ್ಲಿ ಯೊಹಾನ್ನೆಸ್ ಪದ ‘ಐ’ ಅಕ್ಷರದಿಂದ ಮೊದಲಾಗುತ್ತದೆ; ಈ ‘ಸಿ’ ಕೀಬೋರ್ಡಿನ ‘ಸಿ’ಯಲ್ಲ). ನಿಮಗೆ ಬಂದ ಸಂದೇಶದ ‘ನಿ’–‘ಸಿ’ ಹೋಲಿಕೆ ಇಲ್ಲಿಗೇ ಬಿದ್ದುಹೋಯಿತು. ‘ಉತ್’ ಎಂದು ಬಾಯಿ ಮುಚ್ಚಿಕೊಂಡು ಸ್ವರ ಎಳೆಯುವುದು ಕಷ್ಟ; 17ನೆಯ ಶತಮಾನದ ಇಟಲಿಯಲ್ಲಿ ಅದು ‘ಡೋ’ ಆಯಿತು, ಡೋನಿ ಎಂಬ ಸಂಗೀತ ವಿದ್ವಾಂಸನಿಂದ ಆಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇಂಗ್ಲೆಂಡಿನಲ್ಲಿ 19ನೆಯ ಶತಮಾನದಲ್ಲಿ ಸ್ವರಗಳನ್ನು ಮೊದಲಕ್ಷರದಿಂದಷ್ಟೇ ಬರೆಯಲು ಹೊರಟಾಗ ‘ಸೋಲ್’ ಮತ್ತು ‘ಸಿ’ ಎರಡಕ್ಕೂ ಒಂದೇ ಅಕ್ಷರ ಬಂದು ತೊಡಕಾಯಿತು. ಆದ್ದರಿಂದ ಅಲ್ಲಿ ‘ಸಿ’ ‘ಟಿ’ಯಾಯಿತು. ಜಾನ್ ಕರ್ವೆನ್ ಹಬ್ಬಿಸಿದ ಈ ಪದ್ಧತಿ ಮಿಷನರಿಗಳ ಜೊತೆ ಊರೂರಿಗೆ ಹೋಯಿತು. ಮಿಜೋರಾಮಿನ ಚರ್ಚುಗಳ ಹಾಡಿನ ಪುಸ್ತಕಗಳಲ್ಲಿ ಅದನ್ನು ಈಗಲೂ ಕಾಣಬಹುದು.

ಇಷ್ಟಾಗಿಯೂ ಹೋಲಿಕೆಯೇ ಸಾಕ್ಷಿ ಎನ್ನುವವರಿಗೆ ಗ್ರೀಕ್ ಚರ್ಚಿನ ಸ್ವರಗಳನ್ನು ತೋರಿಸಬಹುದು: ಪಾ, ವೂ, ಗಾ, ದಿ, ಕೆ, ಜೋ, ನಿ. ಇಲ್ಲಿ ಪಾ ಇದೆ, ಗಾ ಇದೆ, ನಿ ಇದೆ! ಆದರೆ ಇವು 1814ರ ಸುಧಾರಣೆಯಲ್ಲಿ ಗ್ರೀಕ್ ವರ್ಣಮಾಲೆಯ ಮೊದಲ ಏಳು ಅಕ್ಷರಗಳಾದ ಆಲ್ಫಾ, ಬೀಟಾ, ಗಾಮಾ ಮುಂತಾದವಕ್ಕೆ ಒಂದೊಂದು ವ್ಯಂಜನವನ್ನೋ ಸ್ವರಾಕ್ಷರವನ್ನೋ ಅಂಟಿಸಿ ಮಾಡಿಕೊಂಡ ಹೆಸರುಗಳು. ಬಾಯಲ್ಲಿ ಸಲೀಸಾಗಿ ಹೊರಳುವ ಒಂಟಿ ಅಕ್ಷರಗಳು ಎಷ್ಟಿದ್ದಾವು? ಅವು ಅಲ್ಲಲ್ಲಿ ತಾಳೆಯಾಗುವುದು ಸಹಜ.

ನಮ್ಮ ಸರಿಗಮ ಹಳೆಯದೆಂಬುದಕ್ಕೆ ಇಂಥ ಸಂದೇಶಗಳ ಆಸರೆ ಬೇಕಾಗಿಯೂ ಇಲ್ಲ. ಪುದುಕ್ಕೋಟೆಯ ಹತ್ತಿರದ ಕುಡುಮಿಯಾನ್‌ಮಲೈ ಬಂಡೆಯಲ್ಲಿ ಸ್ವರಾಕ್ಷರಗಳನ್ನು ಸಾಲುಸಾಲಾಗಿ ಕೊರೆದಿರುವ ಶಾಸನವಿದೆ. ಅದನ್ನು 7ನೆಯ ಶತಮಾನದ್ದೆಂದು ಎಣಿಸುತ್ತಾರೆ, ಅಂದರೆ ಗ್ವಿಡೊಗಿಂತ ಸುಮಾರು ನಾನೂರು ವರ್ಷ ಹಿಂದಿನದು. ಹಿಂದಿನದು ಎನ್ನುವುದು ಬೇರೆ, ಅದರಿಂದಲೇ ಬಂದದ್ದು ಎನ್ನುವುದು ಬೇರೆ.

ಪ್ರಶ್ನೆ: ಕೆಲಸದ ನಿಮಿತ್ತ ಮ್ಯೂನಿಕ್‌ಗೆ ಬಂದಿದ್ದೇವೆ. ಬೆಂಗಳೂರಿನಲ್ಲಿ ಪಿಯಾನೊ ಕಲಿಯುತ್ತಿದ್ದ ಮಗ ಇಲ್ಲಿ ಕಂಗಾಲಾಗಿದ್ದಾನೆ. ‘ಬಿ’ ಎಂದರೆ ಕಪ್ಪು ಮನೆ ಒತ್ತಬೇಕಂತೆ, ಬಿಳಿಯ ‘ಬಿ’ಗೆ ‘ಹೆಚ್’ ಎನ್ನಬೇಕಂತೆ. ಏಳೇ ಸ್ವರಕ್ಕೆ ಎಂಟನೆಯ ಅಕ್ಷರ ಏಕೆ ಬಂತು? (ಒಬ್ಬ ಓದುಗರು, ಜರ್ಮನಿ)

ಉತ್ತರ: ನಿಮ್ಮ ಮಗನ ಸಂಕಟ ಇಮ್ಮಡಿಯದೆಂದು ನಮ್ಮ ಊಹೆ. ಜರ್ಮನರು ‘ಇ’ ಅಕ್ಷರವನ್ನು ‘ಏ’ ಎಂದೂ ‘ಎ’ ಅಕ್ಷರವನ್ನು ‘ಆ’ ಎಂದೂ ಉಚ್ಚರಿಸುತ್ತಾರೆ; ಬೆಂಗಳೂರಿನ ಕಿವಿಗೆ ಅವರ ‘ಇ’ ನಮ್ಮ ‘ಎ’ಯಂತೆಯೇ ಕೇಳಿಸುತ್ತದೆ.

ಯೂರೋಪಿನಲ್ಲಿ ಸ್ವರಗಳಿಗೆ ‘ಎ’ಯಿಂದ ‘ಜಿ’ವರೆಗೆ ಏಳು ಅಕ್ಷರಗಳನ್ನಿಟ್ಟು, ಮೇಲಿನ ಸ್ಥಾಯಿಗೂ ಅವನ್ನೇ ಮರುಬಳಸುವ ಕ್ರಮ ಸುಮಾರು 1000ನೆಯ ಇಸವಿಯ ಹೊತ್ತಿಗೆ ಇಟಲಿಯಲ್ಲಿ ನೆಲೆಗೊಂಡಿತು. ಆ ಏಳರಲ್ಲಿ ‘ಬಿ’ ಒಂದಕ್ಕೆ ಮಾತ್ರ ಎರಡು ರೂಪಗಳಿದ್ದವು. ಹಾಡಿನ ನಡೆಗೆ ತಕ್ಕಂತೆ ಅದನ್ನು ಕೆಲವೊಮ್ಮೆ ಅರ್ಧ ಸ್ವರ ಇಳಿಸಿ ಹಾಡುತ್ತಿದ್ದರು. ಇಳಿಸಿದ್ದನ್ನು ಹೊಟ್ಟೆ ದುಂಡಗಿರುವ ‘ಬಿ’ಯಿಂದ, ಇಳಿಸದ್ದನ್ನು ಹೊಟ್ಟೆ ಚೌಕವಾಗಿರುವ ‘ಬಿ’ಯಿಂದ ಬರೆದರು. ದುಂಡು ‘ಬಿ’ಯೇ ಇಂದಿನ ಫ್ಲ್ಯಾಟ್ ಚಿಹ್ನೆ, ಚೌಕ ‘ಬಿ’ಯೇ ಇಂದಿನ ನ್ಯಾಚುರಲ್ ಚಿಹ್ನೆ. ಫ್ರೆಂಚರು ಫ್ಲ್ಯಾಟಿಗೆ ‘ಬೆಮೋಲ್’ ಎನ್ನುವುದು ‘ಮೆತ್ತನೆಯ ಬಿ’ ಎಂಬ ಅರ್ಥದಲ್ಲಿ. ಜರ್ಮನ್ ನಾಡುಗಳಲ್ಲಿ ಚೌಕ ‘ಬಿ’ ನೋಡಲು ಸಣ್ಣಕ್ಷರದ ‘ಹೆಚ್’ನಂತಿದ್ದು, ಏಳರ ಮುಂದಿನ ಅಕ್ಷರವೂ ಅದೇ ಆದ್ದರಿಂದ, ಕಡೆಗೆ ‘ಹೆಚ್’ ಎಂದೇ ನಿಂತುಬಿಟ್ಟಿತು. ಬರೆಯುವವರ ಕೈಯ ಓರೆಕೋರೆ ಒಂದು ನಾಡಿನ ಸಂಗೀತಕ್ಕೆ ಹೊಸ ಅಕ್ಷರವನ್ನೇ ಕೊಟ್ಟಿತು ಎನ್ನಬಹುದು. ಪೋಲೆಂಡ್, ಚೆಕ್ ಮುಂತಾದ ನೆರೆಯ ದೇಶಗಳೂ ‘ಹೆಚ್’ ಎನ್ನುತ್ತವೆ. ಪಕ್ಕದಲ್ಲೇ ಇರುವ ನೆದರ್‌ಲೆಂಡ್ಸ್ ‘ಬಿ’ಯನ್ನೇ ಉಳಿಸಿಕೊಂಡಿದೆ.

ಇದರಿಂದ ಜರ್ಮನರಿಗೆ ಒಂದು ಲಾಭವೂ ಆಯಿತು. ಬಾಖ್ ಎಂಬ ಮಹಾ ವಾಗ್ಗೇಯಕಾರನ ಹೆಸರಿನ ನಾಲ್ಕು ಅಕ್ಷರಗಳೂ ಅವರಲ್ಲಿ ಸ್ವರಗಳೇ: ಬಿ, ಎ, ಸಿ, ಹೆಚ್. ‘ಸಿ’ಯನ್ನು ಮೇಲಿನ ಷಡ್ಜವೆಂದುಕೊಂಡರೆ ನಮ್ಮ ಲೆಕ್ಕದಲ್ಲಿ ಕೈಶಿಕಿ ನಿಷಾದ, ಚತುಶ್ರುತಿ ಧೈವತ, ಷಡ್ಜ, ಕಾಕಲಿ ನಿಷಾದ. ಒಮ್ಮೆ ಹಾಡಿಕೊಂಡು ನೋಡಿ, ವಿಚಿತ್ರವಾಗಿ ಕಾಡುವ ಸಂಚಾರ ಅದು. ಬಾಖ್ ತನ್ನ ಕೊನೆಗಾಲದ ‘ಆರ್ಟ್ ಆಫ್ ಫ್ಯೂಗ್’ ಕೃತಿಯ ಮುಗಿಯದೆ ಉಳಿದ ಭಾಗದಲ್ಲಿ ಈ ನಾಲ್ಕು ಸ್ವರಗಳನ್ನು ಹೆಣೆದಿದ್ದಾನೆ. ನಮ್ಮ ವಾಗ್ಗೇಯಕಾರರು ಸಾಹಿತ್ಯದಲ್ಲಿ ಅಂಕಿತ ಇಟ್ಟಂತೆ ಇದು ಸ್ವರದಲ್ಲಿಟ್ಟ ಅಂಕಿತ. ರಷ್ಯದ ವಾಗ್ಗೇಯಕಾರ ಶೊಸ್ತಕೋವಿಚ್ ಕೂಡ ತನ್ನ ಹೆಸರಿನ ಜರ್ಮನ್ ರೂಪದಿಂದ ಡಿ, ಎಸ್, ಸಿ, ಹೆಚ್ ಎಂಬ ಅಂಕಿತ ಮಾಡಿಕೊಂಡ. ‘ಎಸ್’ ಎಂದರೆ ಜರ್ಮನಿನಲ್ಲಿ ‘ಇ ಫ್ಲ್ಯಾಟ್’. 1960ರ ಅವನ ಎಂಟನೆಯ ಸ್ಟ್ರಿಂಗ್ ಕ್ವಾರ್ಟೆಟ್ ಮೊದಲಾಗುವುದೇ ಈ ನಾಲ್ಕು ಸ್ವರಗಳಿಂದ.

ಮಗನಿಗೆ ಸದ್ಯಕ್ಕೆ ಇಷ್ಟು ಸಾಕು: ಹೆಸರಿನ ಕೊನೆಗೆ ‘ಇಸ್’ ಬಂದರೆ ಶಾರ್ಪ್ (ಅರ್ಧ ಸ್ವರ ಏರಿಸಿದ್ದು), ‘ಎಸ್’ ಬಂದರೆ ಫ್ಲ್ಯಾಟ್ (ಅರ್ಧ ಸ್ವರ ಇಳಿಸಿದ್ದು), ಬರೀ ‘ಬಿ’ ಬಂದರೆ ಕಪ್ಪು ಮನೆ. ರಜೆಗೆ ಊರಿಗೆ ಬರುವಾಗ ಅಲ್ಲಿಯ ನೋಟ್‌ಬುಕ್ಕನ್ನು ಇಲ್ಲಿಯ ಪಿಯಾನೊ ಟೀಚರ್‌ಗೆ ಕೊಡುವ ಮುನ್ನ ಈ ಮೂರು ಮಾತನ್ನು ಅದರ ಮೊದಲ ಪುಟದಲ್ಲಿ ಬರೆದಿಡಿ.

ಪ್ರಶ್ನೆ: ಹಿಂದೂಸ್ತಾನಿ ಕಲಿತ ನಾನು ಮದುವೆಯಾಗಿ ಕರ್ನಾಟಕ ಸಂಗೀತದ ಮನೆಗೆ ಬಂದಿದ್ದೇನೆ. ನಾವು ಕೋಮಲ ರಿಷಭ ಎನ್ನುವುದನ್ನು ನಮ್ಮ ಅತ್ತೆಯವರು ಶುದ್ಧ ರಿಷಭ ಎನ್ನುತ್ತಾರೆ. ಶುದ್ಧವಾದದ್ದು ಯಾರದು? (ಒಬ್ಬ ಓದುಗರು, ಹುಬ್ಬಳ್ಳಿ)

ಉತ್ತರ: ಇಬ್ಬರದೂ. ಕರ್ನಾಟಕ ಪದ್ಧತಿಯಲ್ಲಿ ರಿಷಭ, ಗಾಂಧಾರ, ಧೈವತ, ನಿಷಾದಗಳ ಅತ್ಯಂತ ಕೆಳಗಿನ ರೂಪಕ್ಕೆ ಶುದ್ಧ ಎಂದು ಹೆಸರು. ಭಾತಖಂಡೆಯವರು ಕ್ರಮಗೊಳಿಸಿದ ಹಿಂದೂಸ್ತಾನಿ ಪದ್ಧತಿಯಲ್ಲಿ ಬಿಲಾವಲ್ ಥಾಟಿನ (ನಮ್ಮ ಶಂಕರಾಭರಣದ) ಸ್ವರಗಳು ಶುದ್ಧ, ಅವುಗಳಿಂದ ಇಳಿದದ್ದು ಕೋಮಲ, ಮಧ್ಯಮವೊಂದು ಏರಿದರೆ ತೀವ್ರ. ಶುದ್ಧ ಮಧ್ಯಮದಲ್ಲಿ ಮಾತ್ರ ಅತ್ತೆ ಸೊಸೆಯರಿಗೆ ಜಗಳವಿಲ್ಲ.

ಇನ್ನೂ ಹೆಚ್ಚು ಗೊಂದಲ ಮಾಡುವ ಸಂಗತಿಯೆಂದರೆ, ಹನ್ನೆರಡು ಸ್ವರಸ್ಥಾನಗಳಿಗೆ ನಿಮ್ಮಲ್ಲಿ ಹನ್ನೆರಡೇ ಹೆಸರುಗಳಿದ್ದರೆ ಅತ್ತೆಯವರಲ್ಲಿ ಹದಿನಾರಿವೆ. ನಿಮ್ಮ ಕೋಮಲ ಗಾಂಧಾರದ ಜಾಗ ಖರಹರಪ್ರಿಯದಲ್ಲಿ ಸಾಧಾರಣ ಗಾಂಧಾರ, ನಾಟ ರಾಗದಲ್ಲಿ ಷಟ್‌ಶ್ರುತಿ ರಿಷಭ. ನಾಟದಲ್ಲಿ ಅಂತರ ಗಾಂಧಾರವೂ ಬರುವುದರಿಂದ ಕೆಳಗಿನದನ್ನೂ ಗಾಂಧಾರವೆಂದರೆ ರಿಷಭಕ್ಕೆ ಜಾಗವಿಲ್ಲದಂತಾಗುತ್ತದೆ. ರಾಗದಲ್ಲಿ ಸ್ವರ ಮಾಡುವ ಕೆಲಸವನ್ನು ನೋಡಿ ಹೆಸರಿಟ್ಟಿದ್ದಾರೆ, ಜಾಗವನ್ನು ನೋಡಿ ಅಲ್ಲ. ಇದನ್ನು ಬರಹದಲ್ಲಿ ಸುಲಭ ಮಾಡಲು 17ನೆಯ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ರ, ರಿ, ರು ಎಂದೂ ಗ, ಗಿ, ಗು ಎಂದೂ ಗುಣಿತವನ್ನೇ ಬಳಸಿದ, ವ್ಯಂಜನದಿಂದ ಸ್ವರ ಯಾವುದೆಂದೂ ಗುಣಿತದಿಂದ ಅದರ ಎತ್ತರವೂ ತಿಳಿಯುತ್ತದೆ. (ಅವನ ತಂದೆ, ತಂಜಾವೂರಿನ ಮಂತ್ರಿ ಗೋವಿಂದ ದೀಕ್ಷಿತರು ಕನ್ನಡ ಮನೆತನದವರು.) ಕುಡುಮಿಯಾನ್‌ಮಲೈ ಶಾಸನದಲ್ಲೂ ಸ್ವರಾಕ್ಷರಗಳ ಗುಣಿತ ಬದಲಾಗುತ್ತ ಹೋಗುವುದನ್ನು ಕಾಣಬಹುದು.

ಪ್ರಶ್ನೆ: ಏಷ್ಯದ ಬೇರೆ ಭಾಷೆಗಳಲ್ಲಿ ಸ್ವರಗಳಿಗೆ ಏನೆನ್ನುತ್ತಾರೆ? (ಒಬ್ಬ ವಿದ್ಯಾರ್ಥಿ, ಉಡುಪಿ)

ಉತ್ತರ: ಜಪಾನಿನಲ್ಲಿ ಹಾಡುವಾಗ ಡೋ, ರೆ, ಮಿ ಎಂದರೂ ಶ್ರುತಿಯ ಹೆಸರನ್ನು ತಮ್ಮದೇ ಅಕ್ಷರಗಳಿಂದ ಬರೆಯುತ್ತಾರೆ. ಜಪಾನಿ ಲಿಪಿಯ ಅಕ್ಷರಗಳು ಒಂದೊಂದೇ ಸಲ ಬರುವಂತೆ ಕಟ್ಟಿದ ‘ಇರೋಹ’ ಎಂಬ ಹಳೆಯ ಪದ್ಯವೊಂದಿದೆ. ಅದರ ಮೊದಲ ಏಳಾದ ಇ, ರೊ, ಹ, ನಿ, ಹೊ, ಹೆ, ತೊ ಕ್ರಮವಾಗಿ ‘ಎ’ಯಿಂದ ‘ಜಿ’ವರೆಗಿನ ಸ್ವರಗಳು. ಹೀಗಾಗಿ ‘ಸಿ ಮೇಜರ್’ ಅವರಿಗೆ ‘ಹ’ ಮೇಜರ್. ಕೊರಿಯದವರು ಇದೇ ರೀತಿ ಗ, ನ, ದ, ರ, ಮ, ಬ, ಸ ಎಂಬ ತಮ್ಮ ಅಕ್ಷರಮಾಲೆಯನ್ನು ಹಚ್ಚಿಕೊಂಡಿದ್ದಾರೆ.

ಅರಬ್ ಸಂಗೀತದ ಹೆಸರುಗಳು ಹಿಂದಿ ಬಲ್ಲವರಿಗೆ ಅರ್ಧ ಪರಿಚಿತ. ದೂಕಾಹ್, ಸೀಕಾಹ್, ಜಹಾರ್‌ಕಾಹ್ ಎಂಬುವು ಫಾರ್ಸಿಯ ದೋ, ಸೇ, ಚಹಾರ್ ಎಂಬ ಎಣಿಕೆಗೆ ‘ಜಾಗ’ ಎಂಬ ಅರ್ಥದ ‘ಗಾಹ್’ ಸೇರಿ ಆದವು: ಎರಡನೆಯ, ಮೂರನೆಯ, ನಾಲ್ಕನೆಯ ಜಾಗ. ಐದನೆಯದಕ್ಕೆ ನಾವು ಪಂಚಮ ಎನ್ನುವುದೂ ಇದೇ ಲೆಕ್ಕ. ಆದರೆ ಅವರ ಸೀಕಾಹ್ ಕೀಬೋರ್ಡಿನಲ್ಲಿ ಎಲ್ಲೂ ಸಿಗುವುದಿಲ್ಲ. ಅದು ‘ಇ’ಗೂ ಅದರ ಹಿಂದಿನ ಕಪ್ಪು ಮನೆಗೂ ನಡುವಿನ ಸಂದಿಯಲ್ಲಿದೆ. ಜಾವಾದ ಗಾಮೆಲಾನ್ ಎಂಬ ವಾದ್ಯಮೇಳದ ವಾದಕರು ಸ್ವರಗಳನ್ನು ಅಂಕಿಗಳಿಂದ ಬರೆದು, ಸಿಜಿ, ಲೊರೊ, ತೆಲು ಎಂಬ ಸಂಖ್ಯಾವಾಚಕಗಳನ್ನು ಜಿ, ರೊ, ಲು ಎಂದು ತುಂಡರಿಸಿ ಹಾಡುತ್ತಾರೆ, ನಾವು ಗಾಂಧಾರವನ್ನು ‘ಗ’ ಮಾಡಿದ ಹಾಗೆ. ಬಾಲಿ ದ್ವೀಪದವರ ಐದು ಸ್ವರಗಳ ಹೆಸರು ನಮಗೆ ಎಲ್ಲಕ್ಕಿಂತ ಮೆಚ್ಚು: ಡಿಂಗ್, ಡಾಂಗ್, ಡೆಂಗ್, ಡುಂಗ್, ಡಂಗ್. ಕಂಚಿನ ಪಟ್ಟಿಗಳನ್ನು ಬಡಿದರೆ ಅವೇ ತಮ್ಮ ಹೆಸರು ಹೇಳುವಂತಿದೆ.

ಪ್ರಶ್ನೆ: ಸ್ವರಗಳಿಗೆ ತಮಿಳಿನಲ್ಲಿ ಸ್ವಂತ ಹೆಸರುಗಳಿವೆಯಂತೆ. ಕನ್ನಡದಲ್ಲಿ ಇಲ್ಲವೇ? (ಒಬ್ಬ ಓದುಗರು, ಕೋಲಾರ)

ಉತ್ತರ: ತಮಿಳಿನಲ್ಲಿವೆ: ಕುರಲ್, ತುತ್ತಂ, ಕೈಕ್ಕಿಳೈ, ಉೞೈ, ಇಳಿ, ವಿಳರಿ, ತಾರಂ. ಶಿಲಪ್ಪದಿಕಾರದಲ್ಲಿ ಇವು ಬರುತ್ತವೆ. ಕುರಲ್ ಎಂಬುದು ನಮ್ಮ ‘ಕೊರಳು’ ಪದದ ಒಡಹುಟ್ಟು. ಇಂದಿನ ಕಚೇರಿಗಳಲ್ಲಿ ತಮಿಳರೂ ಸರಿಗಮವನ್ನೇ ಹಾಡುತ್ತಾರೆ. ಕನ್ನಡದಲ್ಲಿ ಬಳಕೆಯಲ್ಲಿರುವುದು ಷಡ್ಜ, ಋಷಭ ಮುಂತಾದ ಸಂಸ್ಕೃತದ ಹೆಸರುಗಳೇ.

ಆದರೆ ಶ್ರುತಿಯ ವಿಚಾರದಲ್ಲಿ ಅಪ್ಪಟ ಕನ್ನಡದ ಹೆಸರುಗಳನ್ನು ಕೇಳಬೇಕೆಂದಿದ್ದರೆ ಯಕ್ಷಗಾನದ ಚೌಕಿಗೆ ಹೋಗಿ. ಅಲ್ಲಿ ಭಾಗವತರ ಶ್ರುತಿ ‘ಕಪ್ಪು ಎರಡು’, ‘ಕಪ್ಪು ಮೂರು’, ‘ಬಿಳಿ ನಾಲ್ಕು’ ಎಂದಿರುತ್ತದೆ. ಹಾರ್ಮೋನಿಯಮ್ಮಿನ ಕಪ್ಪು ಮನೆಗಳನ್ನೂ ಬಿಳಿಯ ಮನೆಗಳನ್ನೂ ಬೇರೆಬೇರೆಯಾಗಿ ಎಣಿಸುವ ಈ ರೂಢಿ ಹಿಂದೂಸ್ತಾನಿ ಗಾಯಕರ ‘ಕಾಲೀ ದೋ’, ‘ಸಫೇದ್ ಚಾರ್’ ಲೆಕ್ಕಕ್ಕೆ ಸಮನಾದದ್ದು. ಮೈಸೂರಿನ ವಿದ್ವಾಂಸರ ಎರಡೂವರೆ ಮನೆಯೂ ಭಾಗವತರ ಕಪ್ಪು ಎರಡೂ ಒಂದೇ ಶ್ರುತಿ. ಜರ್ಮನಿಯ ಆ ಹುಡುಗ ಅದಕ್ಕೆ ‘ಎಸ್’ ಎನ್ನುತ್ತಾನೆ.